ಬೆಳಕಿಗಿಂತ ಹೆಚ್ಚಿನ ವೇಗ

ನಿರ್ವಾತದಲ್ಲಿ ಬೆಳಕಿನ ವೇಗವನ್ನು ಮೀರುವ ಚಲನೆ. ಬೆಳಕಿನ ವೇಗ ಸೆಕೆಂಡಿಗೆ 2,99,792.458 ಕಿ.ಮೀ.; 1983ರಿಂದ ಮೀಟರಿನ ವ್ಯಾಖ್ಯೆಗೆ ಇದೇ ಆಧಾರ. ಐನ್‌ಸ್ಟೈನ್ 1905ರಲ್ಲಿ ಮಂಡಿಸಿದ ವಿಶೇಷ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ದ್ರವ್ಯರಾಶಿಯುಳ್ಳ ಯಾವ ಕಣವೂ ಈ ವೇಗವನ್ನು ಮುಟ್ಟಲಾರದು. ವೇಗ ಏರಿದಂತೆ ಬೇಕಾಗುವ ಶಕ್ತಿ ಮಿತಿಯಿಲ್ಲದೆ ಬೆಳೆಯುತ್ತದೆ. ಸುದ್ದಿ ಒಯ್ಯುವ ಸಂಕೇತವೇ ಬೆಳಕನ್ನು ಮೀರಿದರೆ, ಕೆಲವು ವೀಕ್ಷಕರಿಗೆ ಕಾರಣಕ್ಕಿಂತ ಮೊದಲೇ ಪರಿಣಾಮ ಕಾಣಬೇಕಾಗುತ್ತದೆ.

ಮಾಧ್ಯಮದಲ್ಲಿ: ಈ ನಿರ್ಬಂಧ ನಿರ್ವಾತದ ವೇಗಕ್ಕೆ ಮಾತ್ರ. ನೀರಿನಲ್ಲಿ ಬೆಳಕಿನ ವೇಗ ಸುಮಾರು 2,25,000 ಕಿ.ಮೀ.ಗೆ ಇಳಿಯುತ್ತದೆ, ಶಕ್ತಿಶಾಲಿ ಎಲೆಕ್ಟ್ರಾನ್ ಅದನ್ನು ಹಿಂದೆ ಹಾಕಬಲ್ಲದು. ಆಗ ಹೊಮ್ಮುವ ನೀಲಿ ಹೊಳಪೇ ಚೆರೆಂಕೋವ್ ವಿಕಿರಣ. ಇದರ ಶೋಧ, ವಿವರಣೆಗಳಿಗೆ 1958ರ ನೊಬೆಲ್ ಬಂತು. ಗಾಳಿಯಲ್ಲೂ ಇದು ನಡೆಯುತ್ತದೆ. ಬಾಹ್ಯಾಕಾಶದ ಗಾಮಾ ಕಿರಣ ವಾತಾವರಣಕ್ಕೆ ಬಡಿದಾಗ ಹುಟ್ಟುವ ಕಣಗಳು ಕೆಲವೇ ನ್ಯಾನೊಸೆಕೆಂಡುಗಳ ಮಿಂಚು ಸೂಸುತ್ತವೆ. ಅದನ್ನು ಹಿಡಿಯಲೆಂದೇ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮತ್ತು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಲಡಾಖ್‌ನ ಹಾನ್ಲೆಯಲ್ಲಿ ಏಳು ದೂರದರ್ಶಕಗಳ ‘ಹಗಾರ್’ ಸ್ಥಾಪಿಸಿದವು.

ಟ್ಯಾಕಿಯಾನ್: ಸದಾ ಬೆಳಕಿಗಿಂತ ವೇಗವಾಗಿಯೇ ಇರುವ ಕಣಗಳನ್ನು ಸಾಪೇಕ್ಷತೆ ಅಲ್ಲಗಳೆಯುವುದಿಲ್ಲವೆಂದು 1962ರಲ್ಲಿ ಬಿಲಾನಿಯುಕ್, ವಿ. ಕೆ. ದೇಶಪಾಂಡೆ, ಇ. ಸಿ. ಜಿ. ಸುದರ್ಶನ್ ವಾದಿಸಿದರು. 1967ರಲ್ಲಿ ಜೆರಾಲ್ಡ್ ಫೈನ್‌ಬರ್ಗ್ ಇವುಗಳಿಗೆ ಈ ಹೆಸರಿಟ್ಟರು. ಕೇರಳ ಮೂಲದ ಸುದರ್ಶನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸೈದ್ಧಾಂತಿಕ ಅಧ್ಯಯನ ಕೇಂದ್ರವನ್ನು ಮುನ್ನಡೆಸಿದರು. ಟ್ಯಾಕಿಯಾನ್ ಇದುವರೆಗೆ ಪ್ರಯೋಗದಲ್ಲಿ ಸಿಕ್ಕಿಲ್ಲ.

ಅಳತೆಗಳು: ಜಿನೀವಾ ಬಳಿಯ ಸರ್ನ್‌ನಿಂದ 730 ಕಿ.ಮೀ. ದೂರದ ಇಟಲಿಯ ಗ್ರಾನ್ ಸಾಸ್ಸೊಗೆ ಕಳಿಸಿದ ನ್ಯೂಟ್ರಿನೊಗಳು ಬೆಳಕಿಗಿಂತ ಸುಮಾರು 60 ನ್ಯಾನೊಸೆಕೆಂಡು ಮುಂಚೆ ತಲುಪಿದವೆಂದು 2011ರಲ್ಲಿ ‘ಒಪೆರಾ’ ತಂಡ ಪ್ರಕಟಿಸಿತು. ದ್ಯುತಿತಂತುವಿನ ಕೇಬಲ್ ಸರಿಯಾಗಿ ಕೂಡಿರದಿದ್ದುದೇ ಮುಖ್ಯ ದೋಷವೆಂದು 2012ರಲ್ಲಿ ತಿಳಿಯಿತು. 2017ರ ಆಗಸ್ಟ್ 17ರಂದು, ಸುಮಾರು 13 ಕೋಟಿ ಬೆಳಕಿನ ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಕೂಡಿದಾಗ ಹೊರಟ ಗುರುತ್ವದ ಅಲೆ ಮತ್ತು ಗಾಮಾ ಕಿರಣಗಳು ಭೂಮಿಗೆ ಕೇವಲ 1.7 ಸೆಕೆಂಡು ಅಂತರದಲ್ಲಿ ಬಂದವು. ಗುರುತ್ವದ ಅಲೆಯ ವೇಗವೂ ಬೆಳಕಿನದೇ ಎಂಬುದಕ್ಕೆ ಇದು ಬಲವಾದ ಸಾಕ್ಷ್ಯ. ಇಂಥ ಅಲೆಗಳನ್ನು ಅಳೆಯುವ ‘ಲೈಗೊ-ಇಂಡಿಯಾ’ಕ್ಕೆ ಮರಾಠವಾಡಾದ ಹಿಂಗೋಲಿ ಜಿಲ್ಲೆಯ ಔಂಢಾ ನಾಗನಾಥದ ಬಳಿ ಜಾಗ ಗೊತ್ತಾಗಿದೆ. ಇದರ ಎರಡು ತೋಳುಗಳು ತಲಾ 4 ಕಿ.ಮೀ. ಉದ್ದ, ಸುಮಾರು 2,600 ಕೋಟಿ ರೂಪಾಯಿಯ ಈ ಯೋಜನೆಗೆ ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ನೀಡಿತು.

ಅತಿ ದೂರದ ಗೆಲಾಕ್ಸಿಗಳು ಬೆಳಕಿಗಿಂತ ವೇಗವಾಗಿ ನಮ್ಮಿಂದ ದೂರ ಸರಿಯುವುದು ನಡುವಿನ ಆಕಾಶವೇ ಹಿಗ್ಗುವುದರಿಂದ. ಅದು ಈ ನಿಯಮದ ಉಲ್ಲಂಘನೆಯಲ್ಲ. ನಿರ್ವಾತದಲ್ಲಿ ಬೆಳಕಿಗಿಂತ ಮುಂಚೆ ಸುದ್ದಿ ಮುಟ್ಟಿಸುವ ಯಾವುದೂ ಇದುವರೆಗೆ ಪತ್ತೆಯಾಗಿಲ್ಲ.