ಕಲ್ಯಾಣನಾಡಿನಲ್ಲಿ ಮಕ್ಕಳ ಪೌರಧರ್ಮಶಿಕ್ಷಣ

ಒಂದು ದೇಶದ ಶಾಲೆಯ ಮಕ್ಕಳು ಮತ್ತೊಂದು ದೇಶದ ಶಾಲೆಯ ಮಕ್ಕಳೊಡನೆ ಪತ್ರವ್ಯವಹಾರ ನಡೆಯಿಸಿ, ಪರಸ್ಪರರ ಸುಖದುಃಖಗಳನ್ನರಿತು, ಮನುಷ್ಯನಿಗೆ ಹುಟ್ಟಿನಿಂದಲೇ ಸಲ್ಲತಕ್ಕ ಹಕ್ಕುಗಳಾವುವೆಂಬುದನ್ನು ಕಲಿಯಬೇಕೆಂಬ ಮಾತು ಈಗ ಎಲ್ಲೆಡೆಯಲ್ಲಿಯೂ ಕೇಳಿಬರುತ್ತಲಿದೆ. ವಿಶ್ವಸಂಸ್ಥೆಯ ಅಂಗವಾದ ಯುನೆಸ್ಕೋ 1953ರಲ್ಲಿ 15 ದೇಶಗಳ 33 ಶಾಲೆಗಳನ್ನು ಒಂದು ಸೂತ್ರದಲ್ಲಿ ಕೋದು ಇದಕ್ಕೆ ಮೊದಲಿಟ್ಟಿತು. ಇದು ಹೊರಗಿನಿಂದ ಬಂದ ಹೊಸ ಮಾತು, ನಮ್ಮ ಪಾಠಶಾಲೆಗಳಿಗೆ ಒಗ್ಗತಕ್ಕುದಲ್ಲವೆಂದು ಶ್ರೀಮಠದ ಭಕ್ತರಲ್ಲಿ ಕೆಲವರು ಭಾವಿಸುವುದುಂಟು. ಈ ನಾಡಿನ ಚರಿತ್ರೆಯನ್ನು ಬಲ್ಲವರಿಗೆ ಅದು ಹಾಗೆ ತೋರಲಾರದು.

ಅನುಭವಮಂಟಪವು ಜಗತ್ತಿನ ಮೊದಲ ಪಾರ್ಲಿಮೆಂಟೆಂದು ಉತ್ಸವಭಾಷಣಗಳಲ್ಲಿ ಹೇಳುವುದು ರೂಢಿಯಾಗಿದೆ. ಆ ಹೋಲಿಕೆಯಲ್ಲಿ ನಮಗೆ ಅಷ್ಟು ಮೋಹವಿಲ್ಲ. ಅಲ್ಲಿಯ ಗೋಷ್ಠಿಯ ವಿವರಗಳು ನಮಗೆ ಬಹುಮಟ್ಟಿಗೆ ದೊರೆಯುವುದು 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಕಲಿಸಿದ ಶೂನ್ಯಸಂಪಾದನೆಯಿಂದ. ಶರಣರ ಕಾಲಕ್ಕೂ ಅದಕ್ಕೂ ಶತಮಾನಗಳ ಅಂತರವುಂಟು. ನಾವು ಗಮನಿಸತಕ್ಕುದು ಪೀಠದ ಹೆಸರನ್ನಲ್ಲ, ಕುಳಿತವರು ಯಾರೆಂಬುದನ್ನು. ಅಂಬಿಗರ ಚೌಡಯ್ಯನವರ ಮಾತಿಗೂ ಮಾದಾರ ಚೆನ್ನಯ್ಯನವರ ಮಾತಿಗೂ ಶರಣಸಮೂಹದಲ್ಲಿ ಬೆಲೆಯಿದ್ದಿತು. ಆಯ್ದಕ್ಕಿ ಮಾರಯ್ಯನವರು ದಿನದ ಮಿತಿಯನ್ನು ಮೀರಿ ಅಕ್ಕಿಯನ್ನು ತಂದಾಗ ಅವರ ಧರ್ಮಪತ್ನಿಯಾದ ಲಕ್ಕಮ್ಮನವರೇ ತಡೆದು ಹಿಂದಕ್ಕೆ ಕಳುಹಿಸಿದರು. ಲೋಕವು ಕಿರಿಯರೆಂದೆಣಿಸಿದವರು ಹಿರಿಯರ ಮುಂದೆ ನಿಂತು ತಮ್ಮ ಅಭಿಪ್ರಾಯವನ್ನು ಹೇಳಬಹುದೆಂಬ ಪಾಠವು ಕಲ್ಯಾಣದಲ್ಲಿ ಹೀಗೆ ನಡೆದಿತ್ತು.

ಬಹುಕಾಲದ ಮೇಲೆ ಇದೇ ನಾಡಿನಲ್ಲಿ ಮಕ್ಕಳಿಗೆ ತಾಯ್ನುಡಿಯನ್ನು ಕಲಿಯುವುದೇ ದುರ್ಲಭವಾಯಿತು. ನಿಜಾಮ ಸಂಸ್ಥಾನದಲ್ಲಿ ಆಡಳಿತದ ಭಾಷೆಯೂ ಉನ್ನತಶಿಕ್ಷಣದ ಭಾಷೆಯೂ ಉರ್ದುವಾಗಿದ್ದಿತು. ಸಭೆ ಸೇರುವುದಕ್ಕೂ ಸರಕಾರದ ಅಪ್ಪಣೆ ಬೇಕಾಗಿದ್ದಿತು. ಆ ಕಾಲದಲ್ಲಿ ಭಾಲ್ಕಿಯ ಹಿರೇಮಠ ಸಂಸ್ಥಾನದ ಪೂಜ್ಯ ಶ್ರೀ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗಹಾಕಿಸಿ ಒಳಗೆ ಕನ್ನಡವನ್ನು ಕಲಿಸಿದರೆಂಬುದು ಈ ಭಾಗದ ಮನೆಮನೆಯಲ್ಲಿಯೂ ತಿಳಿದ ಸಂಗತಿ. ಒಳಗೆ ಕುಳಿತ ಬಾಲಕನು ಅಕ್ಷರದೊಡನೆ ಇನ್ನೊಂದನ್ನೂ ಕಲಿತನು: ತನಗೆ ಸಲ್ಲಬೇಕಾದ ಒಂದು ವಸ್ತುವು ಸಲ್ಲದಿರುವುದೆಂಬುದನ್ನು. ಅದಕ್ಕೆ ಹಕ್ಕೆಂಬ ಹೆಸರು ಆಗ ಆತನಿಗೆ ತಿಳಿದಿರಲಿಕ್ಕಿಲ್ಲ.

1948ನೆಯ ಇಸವಿಯನ್ನು ನಮ್ಮ ಶಾಲೆಗಳಲ್ಲಿ ಬೋಧಿಸುವ ಕ್ರಮದಲ್ಲಿ ಒಂದು ಕೊರತೆಯಿದೆ. ಆ ವರ್ಷದ ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರಟಾ ಗ್ರಾಮದಲ್ಲಿ ರಜಾಕಾರರು ನಡೆಯಿಸಿದ ಹತ್ಯಾಕಾಂಡವನ್ನು ನಾವು ಹೇಳುತ್ತೇವೆ, ಹೇಳಲೇಬೇಕು. ಸೆಪ್ಟೆಂಬರ್ 17ರ ವಿಮೋಚನೆಯನ್ನೂ ಹೇಳುತ್ತೇವೆ. ಆದರೆ ಅದರ ಬೆನ್ನಿಗೇ ಬೀದರ, ಗುಲಬರ್ಗಾ, ಉಸ್ಮಾನಾಬಾದು, ನಾಂದೇಡ ಜಿಲ್ಲೆಗಳಲ್ಲಿ ನಿರಪರಾಧಿಗಳಾದ ಅನೇಕ ಮುಸಲ್ಮಾನರು ಕೊಲೆಗೀಡಾದುದನ್ನು ಪಂಡಿತ ಸುಂದರಲಾಲರ ಸಮಿತಿಯು ವಿಚಾರಿಸಿ ವರದಿಮಾಡಿದುದನ್ನು ಮಕ್ಕಳಿಗೆ ತಿಳಿಸುವವರು ವಿರಳ. ಅದೇ ವರ್ಷದ ಡಿಸೆಂಬರ್ 10ರಂದು ಪ್ಯಾರಿಸ್ ನಗರದಲ್ಲಿ ವಿಶ್ವಸಂಸ್ಥೆಯು ಮಾನವಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಅದರ ಮೊದಲನೆಯ ವಿಧಿಯಲ್ಲಿ ಗಂಡಸರನ್ನು ಮಾತ್ರ ಸೂಚಿಸುವಂತಿದ್ದ ಪದವನ್ನು ಬಿಡಿಸಿ ಮನುಷ್ಯರೆಲ್ಲರೂ ಎಂಬರ್ಥದ ಮಾತನ್ನು ಸೇರಿಸಿದವರು ನಮ್ಮ ದೇಶದ ಶ್ರೀಮತಿ ಹಂಸಾ ಮೆಹತಾ ಅವರು. ಮನುಷ್ಯರೆಲ್ಲರೂ ಎಂಬ ಆ ಮಾತನ್ನು ಕಲಿಸುವ ಗುರುವು ಗೋರಟಾದ ಸಾವನ್ನೂ, ಅದರ ಅನಂತರದ ಸಾವುಗಳನ್ನೂ ಒಂದೇ ಪಾಠದಲ್ಲಿ ಹೇಳದಿದ್ದರೆ, ಹುಡುಗನು ಘೋಷಣೆಯನ್ನು ಬಾಯಿಪಾಠಮಾಡಿದರೂ ಫಲವೇನು?

ಇನ್ನು ಮಕ್ಕಳೇ ದೇಶದೇಶಗಳಿಂದ ಕೂಡಿದ ಒಂದು ಸಂದರ್ಭವನ್ನು ಹೇಳುವೆವು. ಅದು ಶಾಲೆಗಳ ಕೂಟವಲ್ಲ. ಶಾಲೆಯನ್ನು ಬಿಟ್ಟು ದುಡಿಯಬೇಕಾದ ಮಕ್ಕಳ ಕೂಟ. ಕರಾವಳಿಯ ಕುಂದಾಪುರದಲ್ಲಿ 1996ರ ಕೊನೆಯಲ್ಲಿ ಆಫ್ರಿಕಾ, ಏಷಿಯಾ, ಲ್ಯಾಟಿನ್ ಅಮೆರಿಕಾ ಖಂಡಗಳ ದುಡಿಯುವ ಮಕ್ಕಳ ಪ್ರತಿನಿಧಿಗಳು ಸೇರಿದರು. ನಮ್ಮ ನಾಡಿನ ಭೀಮಸಂಘದ ಮಕ್ಕಳೂ ಅವರಲ್ಲಿದ್ದರು. ಭಾಷೆ ಬೇರೆ, ಬಣ್ಣ ಬೇರೆ, ಊಟ ಬೇರೆಯಾಗಿದ್ದರೂ ಹತ್ತು ಅಂಶಗಳ ಒಂದು ನಿರ್ಣಯವನ್ನು ಅವರು ಕೂಡಿ ಮಾಡಿದರು. ತಮ್ಮನ್ನು ಕುರಿತ ತೀರ್ಮಾನಗಳಲ್ಲಿ ತಮ್ಮನ್ನು ಕೇಳಬೇಕು; ತಮ್ಮ ಸ್ಥಿತಿಗೆ ಹೊಂದುವ ವಿದ್ಯೆ ಬೇಕು; ರೋಗಕ್ಕೆ ಔಷಧೋಪಚಾರ ಬೇಕು; ಬಡತನವೆಂಬ ಮೂಲವನ್ನೇ ಕೀಳಬೇಕು; ಮಕ್ಕಳು ಮಾಡಿದ ಸರಕನ್ನು ಬಹಿಷ್ಕರಿಸಿದರೆ ಮಕ್ಕಳಿಗೆ ಒಳಿತಾಗದು; ವಿದ್ಯೆಗೂ ವಿರಾಮಕ್ಕೂ ಎಡೆಯಿರುವ ಗೌರವದ ಕೆಲಸಕ್ಕೆ ತಾವು ವಿರೋಧಿಗಳಲ್ಲ, ಶೋಷಣೆಗೆ ವಿರೋಧಿಗಳು. ಇವು ಆ ನಿರ್ಣಯದ ಮುಖ್ಯಾಂಶಗಳು. 1989ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿ, 1992ರಲ್ಲಿ ಭಾರತವು ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿಯು, ಮಗುವು ತನ್ನ ಅಭಿಪ್ರಾಯವನ್ನು ಹೇಳಬಹುದು, ವಯಸ್ಸು ಪ್ರೌಢತೆಗಳಿಗನುಸಾರವಾಗಿ ಅದಕ್ಕೆ ಬೆಲೆ ಸಲ್ಲಬೇಕು ಎನ್ನುವುದು. ಕುಂದಾಪುರದ ಮಕ್ಕಳು ಆ ವಿಧಿಯನ್ನು ಕಾರ್ಯದಲ್ಲಿ ತೋರಿಸಿದರು.

ಅವರ ಕಡೆಯ ಅಂಶವನ್ನು ನಾವು ಪೂರ್ಣವಾಗಿ ಒಪ್ಪಲಾರೆವು. ಎಳೆಯ ವಯಸ್ಸಿನ ದುಡಿಮೆಗೂ ವಿದ್ಯೆಗೂ ಹೊಂದಿಕೆಯಾಗುವುದು ಕಷ್ಟ. 2016ರ ತಿದ್ದುಪಡಿಯ ಮೇಲೆ ಕಾನೂನೂ, ಮನೆಮಂದಿಗೆ ನೆರವಾಗುವುದೇ ಮೊದಲಾದ ಕೆಲವು ವಿನಾಯಿತಿಗಳನ್ನುಳಿದು, 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕಿಟ್ಟುಕೊಳ್ಳುವುದನ್ನು ನಿಷೇಧಿಸಿದೆ. ಕಾಯಕವೆಂಬ ಪವಿತ್ರಶಬ್ದವನ್ನು ಮುಂದಿಟ್ಟುಕೊಂಡು ಹೊಲಕ್ಕೋ ಅಂಗಡಿಗೋ ಮಗನನ್ನು ಶಾಲೆಬಿಡಿಸಿ ಕಳುಹಿಸುವ ಗೃಹಸ್ಥರು ನಮ್ಮಲ್ಲಿಯೇ ಇರುವರು. ಕಾಯಕವನ್ನು ಶರಣರು ತಾವಾಗಿ ಕೈಕೊಂಡರು. ಹೇರಿದ ದುಡಿಮೆಗೆ ಆ ಹೆಸರು ಸಲ್ಲದು. ಆದರೆ ನಮ್ಮ ಮತಭೇದದಿಂದ ಆ ಮಕ್ಕಳ ಮಾತಿನ ಬೆಲೆ ಕುಂದುವುದಿಲ್ಲ. ಅವರನ್ನು ಕೇಳಿದ ಮೇಲಲ್ಲವೆ ಭೇದವನ್ನು ಹೇಳುವುದು!

ಕುಂದಾಪುರದ ಸೀಮೆಯಲ್ಲಿ ಮಕ್ಕಳ ಪಂಚಾಯತಿಗಳೂ ನಡೆದುವು. 2006ರಿಂದೀಚೆಗೆ ಕರ್ನಾಟಕದ ಗ್ರಾಮಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆಯನ್ನು ಕೂಡಿಸುವ ಪದ್ಧತಿಯು ಬಂದಿದೆ. ಶೌಚಗೃಹಕ್ಕೆ ನೀರಿಲ್ಲ, ಶಾಲೆಯ ಬಳಿ ಮದ್ಯದಂಗಡಿಯಿದೆ, ಬಸ್ಸು ನಿಲ್ಲುವುದಿಲ್ಲ ಎಂಬಂಥವು ಇಂತಹ ಸಭೆಗಳಿಗೆ ತಕ್ಕ ಪ್ರಶ್ನೆಗಳು. ಸಭೆಯ ದಿನ ಹಾರತುರಾಯಿಗಳ ಭಾಷಣದಲ್ಲಿಯೇ ಹೊತ್ತು ಕಳೆದು ಮಕ್ಕಳು ಬಾಯಿ ತೆರೆಯುವ ಮುನ್ನವೇ ವಂದನಾರ್ಪಣೆಯಾಗುವುದಾದರೆ, ಅದು ಸಭೆಯ ಹೆಸರಿಗೆ ತಕ್ಕುದಲ್ಲ.

ಪರದೇಶದ ಶಾಲೆಯೊಡನೆ ಸ್ನೇಹವನ್ನು ಬೆಳೆಯಿಸಲು ನಮ್ಮ ಮಠದ ಶಾಲೆಯ ಗುರುಗಳು ಉತ್ಸುಕರಾಗಿರುವರು. ಆಗಲಿ, ಸಂತೋಷವೇ. ಆದರೆ ಬಸವಕಲ್ಯಾಣ ಹುಮನಾಬಾದುಗಳಲ್ಲಿ ಕನ್ನಡ, ಮರಾಠಿ, ಉರ್ದು ಮೂರು ಮಾಧ್ಯಮಗಳ ಶಾಲೆಗಳೂ ಉಂಟು. ಹುಮನಾಬಾದಿನ ಮಗ್ಗುಲಲ್ಲಿಯೇ ಇರುವ ಮಾಣಿಕನಗರದಲ್ಲಿ 19ನೆಯ ಶತಮಾನದ ಶ್ರೀ ಮಾಣಿಕಪ್ರಭುಗಳ ಸನ್ನಿಧಿಗೆ ಹಿಂದೂಗಳೂ ಮುಸಲ್ಮಾನರೂ ಸಮಾನವಾಗಿ ಬರುತ್ತಿದ್ದರು. ಮೊದಲ ಪತ್ರವನ್ನು ನಮ್ಮ ಬಾಲಕರು ನೆರೆಯ ಬೀದಿಯ ಉರ್ದು ಶಾಲೆಗೆ ಬರೆಯಲಿ: ನಿಮ್ಮಲ್ಲಿ ಹೆಣ್ಣುಮಕ್ಕಳು ಎಷ್ಟನೆಯ ತರಗತಿಯವರೆಗೆ ಓದುವರು, ನೀರನ್ನು ಎಷ್ಟು ದೂರದಿಂದ ತರುವಿರಿ, 1948ನ್ನು ಕುರಿತು ನಿಮ್ಮ ಮನೆಯ ಹಿರಿಯರು ಏನು ಹೇಳುವರು ಎಂದು. ಉತ್ತರವು ಬಂದ ಮೇಲೆ ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಲಿ. ಸಮುದ್ರದಾಚೆಯ ಶಾಲೆಗೆ ಬರೆಯುವ ಎರಡನೆಯ ಪತ್ರದಲ್ಲಿ ತಿಳಿಸತಕ್ಕ ವಿಷಯವು ಆಗ ಅವರಿಗೆ ತಾನಾಗಿ ಒದಗುವುದು.