ಬಂಡೆ ಮೇಲಿನ ಊರು: ಹೈದರಾಬಾದಿನ ಹಗುರ ಸರಕು, ಭಾರದ ನೀರು

ನೆಲ ಜನರ ಬದುಕನ್ನ ಹೇಗೆ ರೂಪಿಸುತ್ತೆ ಅಂದ್ರೆ ಎಲ್ಲರೂ ಈಜಿಪ್ಟು, ನೈಲ್ ನದಿ ಅಂತ ಶುರು ಮಾಡ್ತಾರೆ. ಅಷ್ಟು ದೂರ ಯಾಕೆ? ನಾನಿರೋದು ಬಾಲಾನಗರದಲ್ಲಿ. ಇಲ್ಲಿನ ನೆಲವನ್ನೇ ಈ ವಾರ ನೋಡೋಣ.

ಮೊದಲು ಬಂಡೆ. ಹೈದರಾಬಾದಿನಲ್ಲಿ ಒಂದರ ಮೇಲೊಂದು ಜೋಡಿಸಿಟ್ಟಂತೆ ಕಾಣುವ ಗುಂಡುಕಲ್ಲುಗಳನ್ನ ನೀವೆಲ್ಲ ನೋಡಿರ್ತೀರಿ. ಹಂಪಿ, ರಾಯಚೂರು ಕಂಡವರಿಗೆ ಇದು ಹೊಸದಲ್ಲ. ಸುಮಾರು 250 ಕೋಟಿ ವರ್ಷ ಹಳೆಯ ಈ ಗ್ರಾನೈಟ್, ಭೂವಿಜ್ಞಾನಿಗಳು ‘ಧಾರವಾಡ ಕ್ರೇಟಾನ್’ ಅಂತ ಕರೆಯುವ ಶಿಲಾಸ್ತರದ ಪೂರ್ವ ಭಾಗ. ಹೌದು, ಹೆಸರು ನಮ್ಮ ಧಾರವಾಡದ್ದೇ. ಬೀದರ್, ಕಲಬುರಗಿ, ರಾಯಚೂರು ಈ ಕಡೆಯಿಂದ ಬೇರೆಯಾಗಿದ್ದು 1956ರಲ್ಲಿ.

ಈ ಕಲ್ಲಿನ ಗುಣ ಏನಂದ್ರೆ, ಅದು ನೀರು ಕುಡಿಯೋದಿಲ್ಲ. ಮೇಲಿನ ಶಿಥಿಲ ಪದರದಲ್ಲಿ, ಕೆಳಗಿನ ಬಿರುಕುಗಳಲ್ಲಿ ಎಷ್ಟು ನಿಂತರೆ ಅಷ್ಟೇ ಅಂತರ್ಜಲ. ಮಳೆಯ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಯುತ್ತೆ. ವಿಕಾರಾಬಾದ್ ಹತ್ತಿರದ ಅನಂತಗಿರಿ ಬೆಟ್ಟದಲ್ಲಿ ಹುಟ್ಟುವ ಮೂಸಿಗೆ ಹಿಮದ ಆಸರೆ ಇಲ್ಲ. ಹಾಗಾಗಿ ಇಲ್ಲಿ ಬದುಕಬೇಕಾದರೆ ಮಳೆ ನೀರನ್ನ ನಿಲ್ಲಿಸಲೇಬೇಕು. ನೆಲದ ಇಳಿಜಾರು ಅದಕ್ಕೆ ಅನುಕೂಲವಾಗಿತ್ತು. ಎರಡು ದಿಣ್ಣೆಗಳ ನಡುವೆ ಏರಿ ಹಾಕಿದರೆ ಕೆರೆ, ತೂಬು ಇಟ್ಟರೆ ಗದ್ದೆಗೆ ನೀರು, ಕೋಡಿ ಬಿದ್ದರೆ ಕೆಳಗಿನ ಕೆರೆ ತುಂಬುತ್ತೆ. ಕಾಕತೀಯರ ಕಾಲದಲ್ಲೂ ಇದೇ ವಿದ್ಯೆ. 1560ರ ದಶಕದ ಹುಸೇನ್ ಸಾಗರದಲ್ಲೂ ಇದೇ. ಚಾರ್‌ಮಿನಾರ್ ಇರುವ ನಗರ ಶುರುವಾಗಿದ್ದು 1591ರಲ್ಲಿ. ಅಂದ್ರೆ ಕೆರೆ ಮೊದಲು, ಊರು ಆಮೇಲೆ. ನಲ್ಲಕುಂಟ ಅಂತ ಬಡಾವಣೆ ಹೆಸರಿದೆ ನೋಡಿ, ಆ ‘ಕುಂಟ’ ನಮ್ಮ ಕೋಲಾರದ ಕಡೆಯ ‘ಕುಂಟೆ’ಯೇ.

ಎರಡನೆಯ ಸಂಗತಿ ಸಾರಿಗೆ. ಕಡಲು ದೂರ. ಮೂಸಿಯಲ್ಲಿ ಹಡಗು ಓಡೋದಿಲ್ಲ. ಹೀಗಿರುವ ಊರು ಏನು ಮಾರಬೇಕು? ತೂಕ ಕಡಿಮೆ, ಬೆಲೆ ಜಾಸ್ತಿ ಇರೋದನ್ನ. ಗೋಲ್ಕೊಂಡ ವಜ್ರಕ್ಕೆ ಹೆಸರಾಯ್ತು. ಗಣಿಗಳಿದ್ದದ್ದು ಕೊಲ್ಲೂರಿನಂಥ ಕೃಷ್ಣಾ ಕಣಿವೆಯ ಊರುಗಳಲ್ಲಿ, ಮಾರುಕಟ್ಟೆ ಇಲ್ಲಿ. ನಮ್ಮ ಬಾಲಾನಗರಕ್ಕೆ 1960ರ ದಶಕದಲ್ಲಿ ಐಡಿಪಿಎಲ್ ಔಷಧ ಕಾರ್ಖಾನೆ, ಎಚ್‌ಎಎಲ್‌ನ ಏವಿಯಾನಿಕ್ಸ್ ಘಟಕ, ಟೂಲ್ ಡಿಸೈನ್ ಕಲಿಸುವ ಕೇಂದ್ರ ಸಂಸ್ಥೆ ಬಂದವು. ಐಡಿಪಿಎಲ್‌ನಲ್ಲಿ ಕೆಲಸ ಮಾಡಿದ್ದ ಕೆ. ಅಂಜಿ ರೆಡ್ಡಿ 1984ರಲ್ಲಿ ಡಾ. ರೆಡ್ಡೀಸ್ ಶುರು ಮಾಡಿದರು. ಮಾತ್ರೆ, ವಿಮಾನದ ಉಪಕರಣ, ಕೊನೆಗೆ ನಮ್ಮ ಕೋಡ್. ಕೋಡಿಗಂತೂ ತೂಕವೇ ಇಲ್ಲ. ಇವುಗಳ ಹಿಂದೆ ಸರ್ಕಾರದ ನಿರ್ಧಾರ, ರೈಲು, ಬೇಗಂಪೇಟೆ ವಿಮಾನ ನಿಲ್ದಾಣ ಎಲ್ಲ ಇವೆ, ಒಪ್ಪೋಣ. ಆದರೂ ಬಂದರಿಲ್ಲದ ಊರಿಗೆ ಒಗ್ಗುವ ಕಸುಬುಗಳು ಇವು ಅಂತ ನನಗನ್ನಿಸುತ್ತೆ. ಬೆಂಗಳೂರಿನ ಕಥೆಯೂ ಹೆಚ್ಚುಕಡಿಮೆ ಇದೇ ಅಲ್ವಾ?

ಸರಕು ಹಗುರ ಇರಬಹುದು, ಆದ್ರೆ ನೀರು ಭಾರ. ಒಂದು ಸಾವಿರ ಲೀಟರ್ ಅಂದ್ರೆ ಒಂದು ಟನ್. ತೊಂದರೆ ಬರೋದು ಇಲ್ಲೇ.

1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿತು. ಸುಮಾರು 15,000 ಜನ ಸತ್ತರು ಅನ್ನೋದು ಸಾಮಾನ್ಯವಾಗಿ ಕೊಡುವ ಅಂದಾಜು. ಮುಂದಿನ ವರ್ಷ ನಿಜಾಮ್ ಸರ್ಕಾರ ಕರೆಸಿದ್ದು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನ. ಅವರು ಊರೊಳಗಿನ ಹೊಳೆಯನ್ನಷ್ಟೇ ನೋಡಲಿಲ್ಲ, ಮೇಲಿನ ಇಡೀ ಜಲಾನಯನ ಪ್ರದೇಶವನ್ನ ಲೆಕ್ಕ ಹಾಕಿದರು. ಅಲ್ಲಿದ್ದ 788 ಕೆರೆಗಳಲ್ಲಿ 221 ಒಡೆದಿದ್ದವು. ಒಂದು ಒಡೆದ ನೀರು ಇನ್ನೊಂದರ ಮೇಲೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪಕ್ಕಾ ಕ್ಯಾಸ್ಕೇಡಿಂಗ್ ಫೇಲ್ಯೂರ್. ಊರಿನ ಮೇಲ್ಗಡೆಯೇ ದೊಡ್ಡ ಜಲಾಶಯ ಕಟ್ಟಿ ಪ್ರವಾಹ ತಡೆಯಿರಿ ಅಂದರು. ಮೂಸಿಗೆ ಉಸ್ಮಾನ್ ಸಾಗರ 1920ರಲ್ಲಿ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಎರಡೂ ದಶಕಗಳ ಕಾಲ ಊರಿಗೆ ಕುಡಿಯುವ ನೀರನ್ನೂ ಕೊಟ್ಟವು.

ಆಮೇಲೆ ಊರು ಬೆಳೀತು, ಅವು ಸಾಲದಾದವು. ಈಗ ಮಂಜೀರಾ, ಕೃಷ್ಣಾ, ಗೋದಾವರಿ ನೀರು ಪೈಪಿನಲ್ಲಿ ಬರುತ್ತೆ. ಮಂಜೀರಾ ಬೀದರ್ ದಾಟಿ ಬಂದದ್ದು, ಕೃಷ್ಣಾ ಆಲಮಟ್ಟಿ ದಾಟಿ ಬಂದದ್ದು. ಬೆಂಗಳೂರಿಗೆ ಕಾವೇರಿಯನ್ನ ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಎತ್ತುವ ಹಾಗೆ ಇಲ್ಲಿಯೂ ಎತ್ತಲೇಬೇಕು. ಅದಕ್ಕೆ ಕರೆಂಟು, ಅದಕ್ಕೆ ದುಡ್ಡು. ಇನ್ನೊಂದು ಕಡೆ ಹಳೆಯ ಕೆರೆಗಳ ಕಥೆ: ಮಾಸಬ್ ಟ್ಯಾಂಕಿನಲ್ಲಿ ಟ್ಯಾಂಕ್ ಉಳಿದಿರೋದು ಹೆಸರಲ್ಲಿ ಮಾತ್ರ. ಕೂಕಟ್‌ಪಲ್ಲಿ ನಾಲೆ ಈ ಭಾಗದ ಚರಂಡಿ ನೀರನ್ನೂ ಕೈಗಾರಿಕೆಯ ಕೊಳೆಯನ್ನೂ ಹುಸೇನ್ ಸಾಗರಕ್ಕೆ ಹೊತ್ತುಕೊಂಡು ಹೋಗಿದೆ. ಕೆರೆ ಅಂಗಳದಲ್ಲಿ ಮನೆ ಕಟ್ಟಿದರೂ ನೀರು ಹಳೆಯ ದಾರಿ ಮರೆಯೋದಿಲ್ಲ. 2020ರ ಅಕ್ಟೋಬರ್ ಮಳೆಯಲ್ಲಿ ಅದು ಎಲ್ಲರಿಗೂ ಗೊತ್ತಾಯ್ತು.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ನಮ್ಮಲ್ಲಿ ಸುಮಾರು ಜನ ಇಲ್ಲೋ ಬೆಂಗಳೂರಿನಲ್ಲೋ ಫ್ಲಾಟ್ ತಗೊಳ್ಳೋಕೆ ಓಡಾಡ್ತಿದ್ದೀರಿ. ಮೆಟ್ರೋ ಎಷ್ಟು ದೂರ, ಆಫೀಸ್ ಎಷ್ಟು ದೂರ ಅಂತ ನೋಡ್ತೀರಿ. ಜೊತೆಗೆ ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟ್ ತೆಗೆದು, ಆ ಜಾಗದಲ್ಲಿ ಕೆರೆ ಗುರುತು ಇದೆಯಾ, ಸುತ್ತಲಿನ ಎತ್ತರದ ರೇಖೆಗಳು ಯಾವ ಕಡೆ ಇಳಿತಾವೆ ಅಂತ ನೋಡಿ. ಉಪಗ್ರಹದ ಚಿತ್ರ ಬೇಕಾದ್ರೆ ಇಸ್ರೋದ ‘ಭುವನ್’ ತಾಣ ಇದೆ. ಅದನ್ನ ನಡೆಸೋ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಇರೋದೂ ಇದೇ ಬಾಲಾನಗರದಲ್ಲೇ. ಅಡ್ವಾನ್ಸ್ ಕೊಡೋ ಮುಂಚೆ ಒಂದು ಸಂಜೆ ಇದಕ್ಕಿಡಿ. ನಿಮ್ಮ ಏರಿಯಾದಲ್ಲಿ ಯಾವ ಕೆರೆ ಇತ್ತು ಅಂತ ಗೊತ್ತಾದ್ರೆ ಬರೆದು ತಿಳಿಸಿ. ಮುಂದಿನ ವಾರ ರಾಯಚೂರು ದೋಆಬ್‌ಗೆ ಹೋಗೋಣ.