ಹದಿಹರೆಯದವರಲ್ಲಿ ರಕ್ತಹೀನತೆ ತಡೆ ಮತ್ತು ಆರೋಗ್ಯಕರ ಅಭ್ಯಾಸಗಳು: ಕೊಡಗು ಜಿಲ್ಲೆಯ ಪೋಷಕರಿಗೆ ಮಾಹಿತಿ

ವಿಶ್ವ ಆರೋಗ್ಯ ಸಂಸ್ಥೆಯು 10ರಿಂದ 19 ವರ್ಷದವರೆಗಿನ ಅವಧಿಯನ್ನು ಹದಿಹರೆಯವೆಂದು ಗುರುತಿಸಿದೆ. ಇದರ ಆರಂಭದ ವರ್ಷಗಳಲ್ಲಿ ಎತ್ತರ, ತೂಕ ಹಾಗೂ ರಕ್ತದ ಪ್ರಮಾಣ ಶೀಘ್ರವಾಗಿ ಹೆಚ್ಚುವುದರಿಂದ ಶರೀರಕ್ಕೆ ಕಬ್ಬಿಣಾಂಶ ಅಧಿಕವಾಗಿ ಬೇಕಾಗುತ್ತದೆ. ಹೆಣ್ಣುಮಕ್ಕಳಲ್ಲಿ ಮಾಸಿಕ ಸ್ರಾವದ ನಷ್ಟವೂ ಇದಕ್ಕೆ ಸೇರುತ್ತದೆ. 12ರಿಂದ 14 ವರ್ಷದ ಮಕ್ಕಳಲ್ಲಿ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರ್‌ಗೆ 12 ಗ್ರಾಂಗಿಂತ ಕಡಿಮೆಯಿದ್ದಲ್ಲಿ ಅದನ್ನು ರಕ್ತಹೀನತೆ ಎನ್ನಲಾಗುತ್ತದೆ. ಬೇಗ ಆಯಾಸ, ಏದುಸಿರು, ತಲೆಸುತ್ತು, ಪಾಠದಲ್ಲಿ ಗಮನವಿಲ್ಲದಿರುವುದು ಇದರ ಲಕ್ಷಣಗಳು. ಇವುಗಳನ್ನು ಸೋಮಾರಿತನವೆಂದು ಭಾವಿಸಿ ಮಗುವನ್ನು ಗದರಿಸುವ ಮೊದಲು ರಕ್ತ ಪರೀಕ್ಷೆ ಮಾಡಿಸುವುದು ಸೂಕ್ತ.

ಕಾಫಿ ಮತ್ತು ಊಟ

ಕಾಫಿ ಬೆಳೆಯುವ ನಾಡಿನಲ್ಲಿ ಕಾಫಿಯನ್ನು ಬಿಡಿರೆಂದು ಹೇಳುವುದು ಈ ಮಾಹಿತಿಯ ಉದ್ದೇಶವಲ್ಲ. ಆದರೆ ಕಾಫಿ ಹಾಗೂ ಚಹಾದಲ್ಲಿರುವ ಕೆಲವು ಅಂಶಗಳು ಸೊಪ್ಪು, ಕಾಳು, ಧಾನ್ಯಗಳಲ್ಲಿನ ಕಬ್ಬಿಣಾಂಶವನ್ನು ಶರೀರ ಹೀರಿಕೊಳ್ಳದಂತೆ ತಡೆಯುತ್ತವೆ. ಆದುದರಿಂದ ಅಕ್ಕಿ ರೊಟ್ಟಿಯ ಜೊತೆಗೇ ಮಕ್ಕಳಿಗೆ ಕಾಫಿ ಕೊಡುವ ರೂಢಿಯನ್ನು ಬದಲಿಸಿ, ಊಟ ತಿಂಡಿಗೂ ಕಾಫಿಗೂ ಕನಿಷ್ಠ ಒಂದು ಗಂಟೆಯ ಅಂತರವಿಡುವುದು ಅವಶ್ಯಕ. ಊಟದೊಂದಿಗೆ ಕಿತ್ತಳೆ, ನಿಂಬೆ ಅಥವಾ ನೆಲ್ಲಿಕಾಯಿ ಸೇವಿಸಿದಲ್ಲಿ ಕಬ್ಬಿಣಾಂಶ ಚೆನ್ನಾಗಿ ಹೀರಲ್ಪಡುತ್ತದೆ. ಮಾಂಸಾಹಾರಿಗಳಿಗೆ ಮಾಂಸದಿಂದ ಅದು ಇನ್ನೂ ಸುಲಭವಾಗಿ ದೊರೆಯುತ್ತದೆ.

ಬರಿಗಾಲು ಮತ್ತು ಕೊಕ್ಕೆಹುಳು

ನೆರಳಿನ ತೇವದ ಮಣ್ಣು ಕಾಫಿ ಗಿಡಕ್ಕೆ ಹಿತವಾದಂತೆ ಕೊಕ್ಕೆಹುಳುವಿನ ಮರಿಗಳಿಗೂ ಹಿತ. ಬಯಲು ಶೌಚದಿಂದ ಮಣ್ಣು ಸೇರುವ ಈ ಮರಿಗಳು ಬರಿಗಾಲಿನ ಚರ್ಮದ ಮೂಲಕ ಒಳಹೊಕ್ಕು, ಕರುಳಿನಲ್ಲಿ ನೆಲೆಸಿ ರಕ್ತ ಹೀರುತ್ತವೆ. ತೋಟದ ಲೈನ್ ಮನೆಗಳ ಮಕ್ಕಳಿಗೆ ಈ ಅಪಾಯ ಹೆಚ್ಚು. ಪಾದರಕ್ಷೆ ಧರಿಸುವುದು, ಶೌಚಾಲಯ ಬಳಸುವುದು, ಸಾಬೂನಿನಿಂದ ಕೈ ತೊಳೆಯುವುದು ಹಾಗೂ 19 ವರ್ಷದವರೆಗಿನ ಮಕ್ಕಳಿಗೆ ಸಾಮಾನ್ಯವಾಗಿ ಫೆಬ್ರವರಿ ಮತ್ತು ಆಗಸ್ಟ್ ತಿಂಗಳಿನಲ್ಲಿ ನೀಡಲಾಗುವ ಅಲ್ಬೆಂಡಜೋಲ್ ಮಾತ್ರೆಯನ್ನು ತಪ್ಪದೆ ಸೇವಿಸುವುದು ಇದಕ್ಕೆ ಪರಿಹಾರ. ಜಂತುಹುಳು ನಿವಾರಣೆಯಾಗದೆ ಪೌಷ್ಟಿಕ ಆಹಾರವನ್ನಷ್ಟೇ ಹೆಚ್ಚಿಸಿದರೆ ಫಲ ಅಲ್ಪ.

ವಾರಕ್ಕೊಂದು ನೀಲಿ ಮಾತ್ರೆ

ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಹದಿಹರೆಯದ ವಿದ್ಯಾರ್ಥಿಗಳಿಗೆ, ಶಾಲೆ ಬಿಟ್ಟ ಹೆಣ್ಣುಮಕ್ಕಳಿಗೆ ಅಂಗನವಾಡಿಯ ಮೂಲಕ, ವಾರಕ್ಕೊಮ್ಮೆ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ನೀಲಿ ಮಾತ್ರೆಯನ್ನು ಉಚಿತವಾಗಿ ನೀಡಲಾಗುತ್ತದೆ. ಇದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶವಿರುತ್ತದೆ. ವಿತರಣಾ ವಹಿಯಲ್ಲಿ ಮಾತ್ರೆ ಖರ್ಚಾಗಿದೆಯೆಂದ ಮಾತ್ರಕ್ಕೆ ಅದು ಮಗುವಿನ ಹೊಟ್ಟೆ ಸೇರಿದೆಯೆಂದು ಅರ್ಥವಲ್ಲ. ವಾಕರಿಕೆಯ ಹೆದರಿಕೆಯಿಂದ ಹಲವರು ಮಾತ್ರೆಯನ್ನು ಎಸೆಯುವುದುಂಟು. ಖಾಲಿ ಹೊಟ್ಟೆಯಲ್ಲಿ ಸೇವಿಸದೆ, ಊಟದ ನಂತರ ನೀರಿನೊಂದಿಗೆ ಸೇವಿಸಿದಲ್ಲಿ ತೊಂದರೆ ಬಹುತೇಕ ಕಡಿಮೆಯಾಗುತ್ತದೆ. ಮಲ ಕಪ್ಪಾಗುವುದು ಸಹಜವಾಗಿದ್ದು, ಆತಂಕಪಡಬೇಕಾಗಿಲ್ಲ. ಹಾಲು, ಕಾಫಿ, ಚಹಾದೊಂದಿಗೆ ಈ ಮಾತ್ರೆ ಕೊಡಬಾರದು.

ಮಳೆಗಾಲದಲ್ಲಿ ಆಟ

1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಉತ್ಸವವು ಬೇಸಿಗೆಯಲ್ಲಿ ಇಡೀ ಜಿಲ್ಲೆಯನ್ನು ಮೈದಾನಕ್ಕೆ ಕರೆತರುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅದೇ ಮಕ್ಕಳು ತಿಂಗಳುಗಟ್ಟಲೆ ಒಳಗೆ ಕುಳಿತಿರುತ್ತಾರೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ದೈಹಿಕ ಚಟುವಟಿಕೆ ಅಗತ್ಯವಿದ್ದು, ಅದು ಮೈದಾನದಲ್ಲಿಯೇ ಆಗಬೇಕೆಂದಿಲ್ಲ. ಹಗ್ಗದಾಟ, ಸೂರ್ಯನಮಸ್ಕಾರ, ಶಾಲಾ ಸಭಾಂಗಣದಲ್ಲಿ ಬೊಳಕಾಟ್, ಉಮ್ಮತ್ತಾಟ್‌ನ ಅಭ್ಯಾಸ ಇವೆಲ್ಲವೂ ಆದೀತು. ರಾತ್ರಿ ಮೊಬೈಲ್ ದೂರವಿಟ್ಟು 8 ಗಂಟೆಗಳಿಗೆ ಕಡಿಮೆಯಿಲ್ಲದಂತೆ ನಿದ್ರಿಸುವುದೂ ಅಗತ್ಯ.

ವಿಶೇಷ ಸೂಚನೆ

ಕಬ್ಬಿಣಾಂಶದ ಚಿಕಿತ್ಸೆ ಪಡೆದರೂ ರಕ್ತಹೀನತೆ ಗುಣವಾಗದಿದ್ದಲ್ಲಿ, ಅಥವಾ ಕೈಕಾಲು ಕೀಲುಗಳಲ್ಲಿ ಪದೇ ಪದೇ ತೀವ್ರ ನೋವು ಕಾಣಿಸಿದಲ್ಲಿ, ಸಿಕಲ್ ಸೆಲ್ ರಕ್ತಹೀನತೆಯ ಪರೀಕ್ಷೆ ಮಾಡಿಸತಕ್ಕದ್ದು. ಇದು ಆನುವಂಶಿಕ ಕಾಯಿಲೆಯಾಗಿದ್ದು, ಗಿರಿಜನ ಸಮುದಾಯಗಳಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಇದರ ನಿರ್ಮೂಲನೆಗಾಗಿ ರಾಷ್ಟ್ರೀಯ ಅಭಿಯಾನವು 2023ರ ಜುಲೈ 1ರಂದು ಆರಂಭವಾಗಿದೆ. ಇಂತಹ ಮಕ್ಕಳಿಗೆ ವೈದ್ಯರ ಸಲಹೆಯಿಲ್ಲದೆ ಕಬ್ಬಿಣಾಂಶದ ಮಾತ್ರೆ ನೀಡಬಾರದು. ಹೆಚ್ಚಿನ ಮಾಹಿತಿಗೆ ಆಶಾ ಕಾರ್ಯಕರ್ತೆಯರನ್ನು, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಅಥವಾ ಸರ್ಕಾರಿ ಆಸ್ಪತ್ರೆಯ ಸ್ನೇಹಾ ಕ್ಲಿನಿಕ್ ಅನ್ನು ಸಂಪರ್ಕಿಸಲು ಕೋರಲಾಗಿದೆ.